ಓದುಗರ ಪ್ರಶ್ನೆ, ನಮ್ಮ ಉತ್ತರ: ರೋನ್ ಕಣಿವೆಯ ಒಂದು ಮನೆತನ, ಅದರ ಕೆಂಪು ವೈನ್

ದಕ್ಷಿಣ ಫ್ರಾನ್ಸಿನ ರೋನ್ ನದಿಯ ಎಡದಂಡೆಯಲ್ಲಿರುವ ಶಾತೋನೆಫ್-ದ್ಯು-ಪಾಪ್ ಪ್ರದೇಶದ ಬಗ್ಗೆಯೂ ಅಲ್ಲಿ ಐದು ತಲೆಮಾರುಗಳಿಂದ ವೈನ್ ತಯಾರಿಸುತ್ತಿರುವ ಪೆರೆನ್ ಕುಟುಂಬದ ‘ಶಾತೋ ದ ಬೋಕಾಸ್ಟೆಲ್’ ತೋಟದ ಬಗ್ಗೆಯೂ ಕಳೆದ ಸಂಚಿಕೆಯಲ್ಲಿ ಒಂದು ಕಿರುಬರಹ ಪ್ರಕಟವಾಗಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಆಯ್ದ ಕೆಲವು ಪ್ರಶ್ನೆಗಳನ್ನು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಫ್ರಾನ್ಸಿನಲ್ಲಿರುವ ಮಗ ತಂದ ಬಾಟಲಿಯ ಗಾಜಿನ ಮೇಲೆ ಕಿರೀಟ ಮತ್ತು ಬೀಗದ ಕೈಗಳ ಉಬ್ಬುಚಿತ್ರವಿದೆ. ದೊಡ್ಡ ಅಕ್ಷರದಲ್ಲಿ ಶಾತೋನೆಫ್-ದ್ಯು-ಪಾಪ್ ಎಂದಿದೆಯೇ ಹೊರತು ಯಾವ ದ್ರಾಕ್ಷಿ ಎಂಬುದು ಎಲ್ಲಿಯೂ ಇಲ್ಲ. ಇದು ಕಂಪನಿಯ ಹೆಸರೇ? – ಓದುಗರೊಬ್ಬರು, ಮೈಸೂರು

ಉತ್ತರ: ಅದು ಊರಿನ ಹೆಸರು. ಓರಾಂಜ್ ಮತ್ತು ಅವಿನ್ಯೋನ್ ಪಟ್ಟಣಗಳ ನಡುವಿನ ಈ ಊರು ಮತ್ತು ಅದರ ಸುತ್ತಲಿನ ನಾಲ್ಕು ಊರುಗಳಲ್ಲಿ ಗುರುತಿಸಲಾದ ಸುಮಾರು 3,200 ಹೆಕ್ಟೇರ್ ಜಮೀನಿನಲ್ಲಿ ಬೆಳೆದ, ನಿಯಮಗಳಿಗೆ ಒಳಪಟ್ಟು ತಯಾರಾದ ವೈನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. 1309ರಿಂದ 1377ರವರೆಗೆ ಪೋಪರು ರೋಮನ್ನು ಬಿಟ್ಟು ಅವಿನ್ಯೋನಿನಲ್ಲಿ ನೆಲೆಸಿದ್ದರು. ಅವರಲ್ಲಿ ಎರಡನೆಯವರಾದ 22ನೇ ಜಾನ್ ಈ ಊರಿನ ಗುಡ್ಡದ ಮೇಲೆ ಕೋಟೆಯೊಂದನ್ನು ಕಟ್ಟಿಸಿದರು. ಊರಿನ ಹೆಸರಿನಲ್ಲಿರುವ ಪೋಪರೂ ಬಾಟಲಿಯ ಮೇಲಿನ ಕಿರೀಟ ಮತ್ತು ಕೀಲಿಕೈಗಳೂ ಅಲ್ಲಿಂದ ಬಂದವು. ಆ ಕೋಟೆಯ ಮುಖ್ಯ ಗೋಪುರವನ್ನು 1944ರಲ್ಲಿ ಹಿಂದಿರುಗುತ್ತಿದ್ದ ಜರ್ಮನ್ ಸೇನೆ ಸಿಡಿಸಿತು. ಅದರ ಅರ್ಧ ಭಾಗ ಮಾತ್ರ ಇಂದಿಗೂ ತೋಟಗಳ ಮೇಲೆ ನಿಂತಿದೆ.

ದ್ರಾಕ್ಷಿಯ ಬದಲು ಊರಿನ ಹೆಸರನ್ನು ಏಕೆ ಬರೆಯುತ್ತಾರೆ ಎಂಬುದಕ್ಕೆ ಹಿನ್ನೆಲೆಯಿದೆ. 20ನೇ ಶತಮಾನದ ಆರಂಭದಲ್ಲಿ ಬೇರೆಲ್ಲೋ ಬೆಳೆದ ಅಗ್ಗದ ವೈನನ್ನು ಇದೇ ಹೆಸರಿನಲ್ಲಿ ಮಾರುವ ಮೋಸ ಹೆಚ್ಚಿತ್ತು. 1923ರಲ್ಲಿ ಬೆಳೆಗಾರರು, ವಕೀಲರೂ ಮೊದಲ ಮಹಾಯುದ್ಧದ ವಿಮಾನ ಚಾಲಕರೂ ಆಗಿದ್ದ ಬ್ಯಾರನ್ ಪಿಯೆರ್ ಲ ರೋಯ್ ಅವರ ಮುಂದಾಳತ್ವದಲ್ಲಿ ಸಂಘ ಕಟ್ಟಿಕೊಂಡು, ಯಾವ ಭೂಮಿ, ಯಾವ ತಳಿ, ಹೇಗೆ ಸವರಬೇಕು, ವೈನಿನಲ್ಲಿ ಕನಿಷ್ಠ ಎಷ್ಟು ಮದ್ಯಾಂಶ ಇರಬೇಕು ಎಂಬ ಕಟ್ಟುಪಾಡುಗಳನ್ನು ತಾವೇ ವಿಧಿಸಿಕೊಂಡು ನ್ಯಾಯಾಲಯದ ಮೆಟ್ಟಿಲೇರಿದರು. ಫ್ರಾನ್ಸ್ 1935ರಲ್ಲಿ ಇಡೀ ದೇಶಕ್ಕೆ ಇಂಥ ವ್ಯವಸ್ಥೆಯನ್ನು ಕಾನೂನಾಗಿ ತಂದಾಗ ಈ ಊರಿನ ಅನುಭವ ಅದಕ್ಕೆ ಮಾದರಿಯಾಗಿ ಒದಗಿತು. ಮರುವರ್ಷವೇ, 1936ರಲ್ಲಿ, ಈ ಊರಿಗೂ ಅಧಿಕೃತ ಮನ್ನಣೆ ಸಿಕ್ಕಿತು. ಊರಿನ ಹೆಸರಿದ್ದ ಮೇಲೆ ತಳಿ, ಇಳುವರಿ, ವಿಧಾನಗಳ ಚೌಕಟ್ಟು ಅದರೊಳಗೇ ಅಡಕವಾಗಿದೆ ಎಂದು ಅಲ್ಲಿನವರು ಭಾವಿಸುತ್ತಾರೆ. ಕುಟುಂಬದ ಅಥವಾ ತೋಟದ ಹೆಸರು ಅದರ ಜೊತೆಯಲ್ಲಿ ಇರುತ್ತದೆ. ನಿಮ್ಮ ಬಾಟಲಿಯ ಮೇಲೂ ಇದ್ದೇ ಇರುತ್ತದೆ, ನೋಡಿ.

ಪ್ರಶ್ನೆ: ನಮ್ಮ ಅಡಿಕೆ ತೋಟ ಮೂರು ತಲೆಮಾರಿನಲ್ಲಿ ಪಾಲಾಗಿ ಚೂರುಚೂರಾಗಿದೆ. ಫ್ರಾನ್ಸಿನ ಕುಟುಂಬ ಐದು ತಲೆಮಾರು ಒಂದೇ ತೋಟವನ್ನು ಹೇಗೆ ಉಳಿಸಿಕೊಂಡಿತು? – ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಪಾಲಿನ ತೊಂದರೆ ಅಲ್ಲಿಯೂ ನಮ್ಮಷ್ಟೇ ಇದೆ. 1804ರ ನೆಪೋಲಿಯನ್ ಸಂಹಿತೆಯಿಂದ ಈಚೆಗೆ ಫ್ರಾನ್ಸಿನಲ್ಲಿ ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲ ಮಕ್ಕಳಿಗೂ ಆಸ್ತಿಯಲ್ಲಿ ಹಕ್ಕಿದ್ದು, ಒಬ್ಬನಿಗೇ ಎಲ್ಲವನ್ನೂ ಬರೆದುಕೊಡಲು ತಂದೆಗೆ ಅವಕಾಶವಿಲ್ಲ. ಬರ್ಗಂಡಿ ಪ್ರಾಂತ್ಯದಲ್ಲಿ ಇದರಿಂದಾಗಿ ಒಬ್ಬೊಬ್ಬರಿಗೆ ನಾಲ್ಕಾರು ಸಾಲು ಬಳ್ಳಿಗಳಷ್ಟೇ ಉಳಿದ ತೋಟಗಳೂ ಇವೆ. ಇದನ್ನು ತಡೆಯಲು ಹಲವು ಕುಟುಂಬಗಳು ಭೂಮಿಯನ್ನು ಹಂಚದೆ, ಅದರ ಒಡೆತನವನ್ನು ಷೇರುಗಳಾಗಿ ಮಾಡಿ ಹಂಚಿಕೊಳ್ಳುತ್ತವೆ. ಕೃಷಿಭೂಮಿಗೆಂದೇ ಇಂಥ ಕೂಟಗಳನ್ನು ರಚಿಸಲು ಅಲ್ಲಿ 1970ರಿಂದ ಕಾನೂನಿನ ಅವಕಾಶವಿದೆ.

ಬೋಕಾಸ್ಟೆಲ್ ತೋಟದ ಹೆಸರು ಪೆರೆನ್ ಕುಟುಂಬಕ್ಕಿಂತ ಬಹಳ ಹಳೆಯದು. 1549ರಲ್ಲಿ ಪಿಯೆರ್ ದ ಬೋಕಾಸ್ಟೆಲ್ ಎಂಬವರು ಕುರ್ತೆಜೋನ್ ಊರಿನ ಬಳಿ ಒಂದು ಕಣಜವನ್ನೂ ಜಮೀನನ್ನೂ ಕೊಂಡ ದಾಖಲೆಯಿದೆ. 1909ರಲ್ಲಿ ಅದನ್ನು ಖರೀದಿಸಿದವರು ಪಿಯೆರ್ ತ್ರಾಮಿಯೆ; ಅವರ ನಂತರ ತೋಟ ಅಳಿಯ ಪಿಯೆರ್ ಪೆರೆನ್ ಅವರಿಗೆ ಬಂತು. ಅಂದರೆ ನಾವಿಂದು ಪೆರೆನ್ ಮನೆತನದ್ದು ಎನ್ನುವ ತೋಟ ಮಗಳ ಕಡೆಯಿಂದ ಬಂದ ಆಸ್ತಿ. ಪಿಯೆರ್ ಅವರ ಮಗ ಜಾಕ್ ಪೆರೆನ್ ಈ ತೋಟಕ್ಕೆ ಇಂದಿನ ರೂಪ ಕೊಟ್ಟವರು. ಸುತ್ತಲಿನವರೆಲ್ಲ ರಾಸಾಯನಿಕಗಳನ್ನು ಸ್ವಾಗತಿಸುತ್ತಿದ್ದ 1950ರ ದಶಕದಲ್ಲಿಯೇ ಅವರು ಸಾವಯವದತ್ತ ತಿರುಗಿದರು. 1978ರಲ್ಲಿ ಅವರು ತೀರಿಕೊಂಡ ಮೇಲೆ ಮಕ್ಕಳಾದ ಜಾನ್-ಪಿಯೆರ್ ಮತ್ತು ಫ್ರಾನ್ಸ್ವಾ ಪಾಲು ಕೇಳದೆ ಒಟ್ಟಿಗೇ ನಡೆಸಿದರು; ಈಗ ಇಬ್ಬರ ಮಕ್ಕಳೂ ಅದೇ ಕೆಲಸದಲ್ಲಿದ್ದಾರೆ. ಕಾನೂನು ದಾರಿಯನ್ನು ಮಾಡಿಕೊಡಬಹುದು. ಅಣ್ಣತಮ್ಮಂದಿರು ಒಂದೇ ನೆಲಮಾಳಿಗೆಯಲ್ಲಿ ನಿಂತು ಒಂದೇ ವೈನಿನ ರುಚಿ ನೋಡಿ ಒಮ್ಮತಕ್ಕೆ ಬರುವುದನ್ನು ಕಾನೂನು ಮಾಡಿಸಲಾರದು ಎಂದು ನನಗೆ ಅನಿಸುತ್ತದೆ.

ಪ್ರಶ್ನೆ: ನಾವು ಡಾಗ್ರಿಡ್ಜ್ ಎಂಬ ಬೇರುಗಿಡ ನೆಟ್ಟು ಅದರ ಮೇಲೆ ಕಸಿ ಕಟ್ಟುತ್ತೇವೆ, ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿ ಸವರುವುದು) ಮಾಡುತ್ತೇವೆ, ಡ್ರಿಪ್ ಇಲ್ಲದೆ ಬೆಳೆಯೇ ಇಲ್ಲ. ಅವರ ಪದ್ಧತಿ ಹೇಗೆ? ಕಲ್ಲುಗಳ ಮೇಲೆ ಬಳ್ಳಿ ಬೆಳೆಯುತ್ತದೆಂದು ಬರೆದಿದ್ದೀರಿ, ನಂಬಲಾಗುತ್ತಿಲ್ಲ. – ದ್ರಾಕ್ಷಿ ಬೆಳೆಗಾರರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಕಸಿಯ ವಿಷಯದಲ್ಲಿ ನೀವೂ ಅವರೂ ಒಂದೇ ಸಂತತಿಯವರು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಗಿಡಗಳ ಜೊತೆ ಫಿಲಾಕ್ಸೆರಾ ಎಂಬ, ಬರಿಗಣ್ಣಿಗೆ ಕಷ್ಟದಿಂದ ಕಾಣುವಷ್ಟು ಚಿಕ್ಕ ಬೇರುಹೇನು ಫ್ರಾನ್ಸನ್ನು ಹೊಕ್ಕಿತು. ಅದರ ಹಾವಳಿ ಮೊದಲು ಕಂಡದ್ದು ಇದೇ ದಕ್ಷಿಣ ರೋನ್ ಸೀಮೆಯಲ್ಲಿ. ಯುರೋಪಿನ ಬಳ್ಳಿಗೆ ಅದನ್ನು ತಾಳುವ ಶಕ್ತಿಯಿರಲಿಲ್ಲವಾದ್ದರಿಂದ ಕೆಲವೇ ದಶಕಗಳಲ್ಲಿ ದೇಶದ ದ್ರಾಕ್ಷಿ ತೋಟಗಳ ಬಹುಭಾಗ ಒಣಗಿಹೋಯಿತು. ಔಷಧಿಯೂ ಕೀಟ ಬಂದ ಕಡೆಯಿಂದಲೇ ಬಂತು: ಆ ಹೇನಿನ ಜೊತೆಯಲ್ಲಿಯೇ ಬಾಳಿ ಗಟ್ಟಿಯಾಗಿದ್ದ ಅಮೆರಿಕದ ಕಾಡುಬಳ್ಳಿಗಳ ಬೇರಿನ ಮೇಲೆ ಫ್ರಾನ್ಸಿನ ತಳಿಗಳನ್ನು ಕಸಿ ಮಾಡಲಾಯಿತು. ಟೆಕ್ಸಾಸಿನ ಟಿ. ವಿ. ಮನ್ಸನ್ ಎಂಬ ತೋಟಗಾರಿಕಾ ತಜ್ಞರು ಈ ಕೆಲಸಕ್ಕೆ ನೆರವಾದುದಕ್ಕಾಗಿ 1888ರಲ್ಲಿ ಫ್ರಾನ್ಸ್ ಅವರನ್ನು ಗೌರವಿಸಿತು. ನಿಮ್ಮ ಡಾಗ್ರಿಡ್ಜ್ ಕೂಡ ಅದೇ ಟೆಕ್ಸಾಸ್ ಮೂಲದ್ದು. ನೀವು ಅದನ್ನು ನೆಡುವುದು ಉಪ್ಪುನೀರು ಮತ್ತು ಬರವನ್ನು ತಡೆಯಲಿ ಎಂದು, ಅವರು ಅಮೆರಿಕದ ಬೇರನ್ನು ನೆಡುವುದು ಹೇನಿನಿಂದ ಉಳಿಯಲು.

ಉಳಿದಂತೆ ನಿಮ್ಮ ಕಡೆಗೂ ಅಲ್ಲಿಗೂ ಅಜಗಜಾಂತರ. ವಿಜಯಪುರದಲ್ಲಿ ಬಳ್ಳಿ ಚಳಿಗೆ ಮಲಗುವುದಿಲ್ಲ. ಅದಕ್ಕೇ ಏಪ್ರಿಲ್‌ನಲ್ಲಿ ಕಡ್ಡಿಗಾಗಿ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಎರಡು ಚಾಟ್ನಿ ಬೇಕಾಗುತ್ತವೆ. ಉತ್ತರ ಅಕ್ಷಾಂಶ 44 ಡಿಗ್ರಿಯಲ್ಲಿರುವ ರೋನ್ ಕಣಿವೆಯಲ್ಲಿ ಚಳಿಗಾಲವೇ ಬಳ್ಳಿಯನ್ನು ಮಲಗಿಸುವುದರಿಂದ ಒಂದೇ ಸಲ ಸವರಿದರೆ ಸಾಕು. ಅಲ್ಲಿ ಚಪ್ಪರವಿಲ್ಲ, ಹಳೆಯ ತೋಟಗಳಲ್ಲಿ ತಂತಿಯೂ ಇಲ್ಲ. ಅಲ್ಲಿನ ಮುಖ್ಯ ತಳಿಯಾದ ಗ್ರೆನಾಶ್ ಬಳ್ಳಿಯನ್ನು ಮೊಣಕಾಲೆತ್ತರದ ಗಿಡ್ಡ ಕಾಂಡವಾಗಿ, ಮೇಲೆ ನಾಲ್ಕೈದು ತೋಳುಗಳು ಬಟ್ಟಲಿನಂತೆ ಹರಡುವ ಹಾಗೆ ಸವರುತ್ತಾರೆ. ಉತ್ತರದಿಂದ ಕಣಿವೆಯುದ್ದಕ್ಕೂ ಬೀಸುವ ಮಿಸ್ತ್ರಾಲ್ ಎಂಬ ಒಣಗಾಳಿ ಎತ್ತರದ ಬಳ್ಳಿಯನ್ನು ಮುರಿದುಹಾಕುತ್ತದೆ. ಆದರೆ ಅದೇ ಗಾಳಿ ಮಳೆಯ ನಂತರ ಗೊಂಚಲುಗಳನ್ನು ಬೇಗ ಒಣಗಿಸಿ ಬೂಷ್ಟನ್ನು ದೂರವಿಡುತ್ತದೆ. ಡೌನಿ ಎಂಬ ಬೂಷ್ಟು ರೋಗಕ್ಕೆ ವಾರವಾರವೂ ಸಿಂಪಡಿಸುವ ನಿಮಗೆ ಈ ಗಾಳಿಯ ಬೆಲೆ ಬೇರೆಯವರಿಗಿಂತ ಚೆನ್ನಾಗಿ ತಿಳಿಯುತ್ತದೆ.

ಕಲ್ಲಿನ ಮಾತು ನಿಜ. ಮುಷ್ಟಿಗಾತ್ರದಿಂದ ಹಿಡಿದು ತೆಂಗಿನಕಾಯಿ ಗಾತ್ರದವರೆಗಿನ ನುಣುಪಾದ ಬೆಣಚುಗಲ್ಲುಗಳು ಹಲವು ತೋಟಗಳಲ್ಲಿ ಮಣ್ಣೇ ಕಾಣಿಸದಂತೆ ಹಾಸಿಕೊಂಡಿವೆ. ಆಲ್ಪ್ಸ್ ಪರ್ವತದಿಂದ ಹಿಂದಿನ ಯುಗಗಳಲ್ಲಿ ರೋನ್ ನದಿ ಉರುಳಿಸಿ ತಂದ ಕಲ್ಲುಗಳಿವು. ಇವು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಗೊಂಚಲುಗಳಿಗೆ ಶಾಖ ಕೊಡುತ್ತವೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಬಿಸಿಲಿಗೇನೂ ಬರವಿಲ್ಲದ ಆ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ, ಅವು ಕೆಳಗಿನ ಮಣ್ಣಿನ ತೇವ ಆರದಂತೆ ಮುಚ್ಚಿಡುವುದು ಎಂದು ನನ್ನ ಅಭಿಪ್ರಾಯ. ಅವುಗಳ ಕೆಳಗೆ ಜೇಡಿಯೂ ಮರಳೂ ಇದ್ದು ಬೇರು ನೀರನ್ನು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ನೀರು ಹಾಯಿಸುವುದಕ್ಕೆ ಸಾಮಾನ್ಯವಾಗಿ ಅನುಮತಿಯಿಲ್ಲ, ತೀರಾ ಬರದ ವರ್ಷಗಳಲ್ಲಿ ಮಾತ್ರ ವಿನಾಯಿತಿ ಸಿಗುತ್ತದೆ. ಇಳುವರಿಯ ಮಿತಿ ಹೆಕ್ಟೇರಿಗೆ 3,500 ಲೀಟರ್ ವೈನ್, ಅಂದರೆ ಎಕರೆಗೆ ಹೆಚ್ಚುಕಡಿಮೆ 2 ಟನ್ ಹಣ್ಣು. ಕೊಯ್ಲು ಕೈಯಿಂದಲೇ ಆಗಬೇಕು; ಕೊಳೆತದ್ದನ್ನೂ ಕಾಯಿಯನ್ನೂ ಆರಿಸಿ ತೆಗೆಯುವುದು ಕಡ್ಡಾಯ.

ಪ್ರಶ್ನೆ: ಒಂದು ವೈನಿಗೆ 13 ತಳಿಗಳ ದ್ರಾಕ್ಷಿ ಏಕೆ? ಒಂದೇ ಒಳ್ಳೆಯ ತಳಿ ಸಾಲದೇ? – ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಯಮ 13 ತಳಿಗಳಿಗೆ ಅವಕಾಶ ಕೊಡುತ್ತದೆ, ಎಲ್ಲವನ್ನೂ ಸೇರಿಸಲೇಬೇಕೆಂದು ಹೇಳುವುದಿಲ್ಲ. ಊರಿನ ತೋಟಗಳಲ್ಲಿ ಮುಕ್ಕಾಲು ಪಾಲಿನಷ್ಟು ಗ್ರೆನಾಶ್ ಒಂದೇ ಇದೆ, ಅದೊಂದರಿಂದಲೇ ಮಾಡಿದ ಹೆಸರಾಂತ ವೈನ್‌ಗಳೂ ಇವೆ. 13ನ್ನೂ ಬೆಳೆಸಿ ಬಳಸುವ ಕೆಲವೇ ಮನೆತನಗಳಲ್ಲಿ ಪೆರೆನ್ ಒಂದು.

ಗ್ರೆನಾಶ್ ಧಾರಾಳವಾಗಿ ಸಕ್ಕರೆ ಕೂಡಿಸಿಕೊಳ್ಳುತ್ತದೆ, ಹಾಗಾಗಿ ಅದರ ವೈನಿಗೆ ಹಣ್ಣಿನ ಸವಿಯೂ ಮದ್ಯಾಂಶವೂ ಹೆಚ್ಚು; ಆದರೆ ಗಾಳಿ ಸೋಕಿದರೆ ಬೇಗ ಕಂದುತ್ತದೆ. ದಪ್ಪ ಸಿಪ್ಪೆಯ ಮೂರ್ವೆದ್ರ್ ತಳಿ ಗಾಳಿಗೆ ಜಗ್ಗುವುದಿಲ್ಲ. ವೈನಿಗೆ ಕಪ್ಪು ಬಣ್ಣವನ್ನೂ ಒಗರನ್ನೂ ತೊಗಲಿನಂಥ ವಾಸನೆಯನ್ನೂ ಕೊಡುತ್ತದೆ, ಆದರೆ ಬಹಳ ತಡವಾಗಿ ಮಾಗುತ್ತದೆ. ಬೋಕಾಸ್ಟೆಲ್ ಕೆಂಪು ವೈನಿನಲ್ಲಿ ಇವೆರಡರಲ್ಲಿ ಒಂದೊಂದೂ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿನಷ್ಟು ಇರುತ್ತದೆ. ಆ ಊರಿನ ಮಟ್ಟಿಗೆ ಮೂರ್ವೆದ್ರ್‌ಗೆ ಇಷ್ಟು ದೊಡ್ಡ ಪಾಲು ಅಪರೂಪ, ಈ ತೋಟದ ಗುರುತೇ ಅದು. ಕುನ್ವಾಝ್ ಎಂಬ, ಹೊರಗಿನವರು ಕೇಳಿಯೇ ಇರದ ತಳಿ ಹುಳಿಯ ಲವಲವಿಕೆಯನ್ನು ತರುತ್ತದೆ. ಸಿರಾ ಬಣ್ಣವನ್ನೂ ಕಾಳುಮೆಣಸಿನ ಪರಿಮಳವನ್ನೂ ತರುತ್ತದೆ. ಕ್ಲೆರೆತ್, ರೂಸಾನ್ ಮುಂತಾದ ಬಿಳಿ ದ್ರಾಕ್ಷಿಗಳೂ ಈ 13ರಲ್ಲಿ ಸೇರಿವೆ, ಕೆಂಪು ವೈನಿಗೂ ಅವುಗಳನ್ನು ಬೆರೆಸಬಹುದು. ತಳಿಗಳು ಬೇರೆ ಬೇರೆ ಹೊತ್ತಿನಲ್ಲಿ ಹೂಬಿಟ್ಟು ಮಾಗುವುದರಿಂದ, ಒಂದು ಮಳೆ ಅಥವಾ ಒಂದು ಬಿಸಿಗಾಳಿ ಇಡೀ ವರ್ಷದ ದುಡಿಮೆಯನ್ನು ಕೆಡಿಸಲಾರದು. ಬೇಸಿಗೆ ಸುಡುತ್ತಿರುವ ಈ ದಿನಗಳಲ್ಲಿ ಸಕ್ಕರೆ ಕಡಿಮೆಯಿರುವ, ಹುಳಿ ಉಳಿಸಿಕೊಳ್ಳುವ ಹಳೆಯ ತಳಿಗಳನ್ನು ಕಿತ್ತುಹಾಕದೆ ಉಳಿಸಿದ್ದು ಎಂಥ ದೂರದೃಷ್ಟಿ ಎಂದು ಈಗ ಎಲ್ಲರಿಗೂ ಕಾಣುತ್ತಿದೆ.

ಈ ಮನೆತನದಲ್ಲಿ ತಳಿಗಳನ್ನು ಬೇರೆ ಬೇರೆಯಾಗಿ ಹುದುಗಿಸಿ ಆಮೇಲೆ ಬೆರೆಸುತ್ತಾರೆ. ಹುದುಗುವ ಮೊದಲು ದ್ರಾಕ್ಷಿಯ ಸಿಪ್ಪೆಗಳನ್ನು ಕ್ಷಣಕಾಲ ಸುಮಾರು 80 ಡಿಗ್ರಿಗೆ ಬಿಸಿ ಮಾಡಿ ತಣಿಸುವ ಪದ್ಧತಿಯನ್ನೂ ಬೆಳೆಸಿದ್ದಾರೆ. ಇದರಿಂದ ಬಣ್ಣ ಚೆನ್ನಾಗಿ ಬಿಡುತ್ತದೆ, ರಸವನ್ನು ಕಂದಿಸುವ ಕಿಣ್ವಗಳೂ ಅಡಗುತ್ತವೆ. ಬೆರೆಸಿದ ವೈನ್ ದೊಡ್ಡ ಓಕ್ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಮಾಗುತ್ತದೆ. ಮೂರ್ವೆದ್ರ್ ಚೆನ್ನಾಗಿ ಕೂಡಿಬಂದ ವರ್ಷಗಳಲ್ಲಿ ಮಾತ್ರ, 1989ರಿಂದ, ತಂದೆ ಜಾಕ್ ಅವರ ನೆನಪಿಗೆ ಒಂದು ವಿಶೇಷ ವೈನನ್ನು ಮಕ್ಕಳು ಹೊರತರುತ್ತಿದ್ದಾರೆ.

ಪ್ರಶ್ನೆ: ವೈನ್ ಸಂಪೂರ್ಣ ಸಸ್ಯಾಹಾರವೇ? – ಓದುಗರೊಬ್ಬರು, ಉಡುಪಿ

ಉತ್ತರ: ಯಾವಾಗಲೂ ಅಲ್ಲ. ಕೆಂಪು ವೈನಿನ ಅತಿಯಾದ ಒಗರನ್ನು ತೆಗೆದು ತಿಳಿಗೊಳಿಸಲು ಮೊಟ್ಟೆಯ ಬಿಳಿಯನ್ನು ಬಳಸುವುದು ಫ್ರಾನ್ಸಿನಲ್ಲಿ ಬಹಳ ಹಳೆಯ ರೂಢಿ. ಅದು ಒಗರಿನ ಅಂಶಗಳಿಗೆ ಅಂಟಿಕೊಂಡು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಸಿದುಕೊಳ್ಳುತ್ತಾರೆ. ಕೇಸಿನ್ ಎಂಬ ಹಾಲಿನ ಪ್ರೋಟೀನನ್ನು, ಮೀನಿನ ಅಂಟನ್ನು ಬಳಸುವವರೂ ಇದ್ದಾರೆ. ಮೊಟ್ಟೆ ಅಥವಾ ಹಾಲಿನ ಅಂಶ ವೈನಿನಲ್ಲಿ ಪತ್ತೆಯಾಗುವಷ್ಟು ಉಳಿದಿದ್ದರೆ ಅದನ್ನು ಲೇಬಲ್ಲಿನಲ್ಲಿ ಹೇಳಬೇಕೆಂದು ಐರೋಪ್ಯ ಒಕ್ಕೂಟ 2012ರಲ್ಲಿ ಕಡ್ಡಾಯ ಮಾಡಿತು. ಆದರೆ ಉಳಿದಿಲ್ಲದಿದ್ದರೆ ಬಳಸಿದ್ದನ್ನು ಹೇಳಬೇಕಾಗಿಲ್ಲ. ಈ ವಿಷಯದಲ್ಲಿ ನಿಷ್ಠೆಯುಳ್ಳವರು ‘ವೀಗನ್’ ಎಂಬ ಗುರುತಿರುವ ಬಾಟಲಿಯನ್ನು ಮಾತ್ರ ನಂಬುವುದು ಸರಿ.

ಪ್ರಶ್ನೆ: ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎನ್ನುತ್ತಾರಲ್ಲ? – ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆ ಕಾರಣಕ್ಕಾಗಿ ಯಾರೂ ಕುಡಿಯಲು ಆರಂಭಿಸಬಾರದು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ವೈನಿನ ತವರಾದ ಫ್ರಾನ್ಸ್ ಕೂಡ 1991ರಿಂದ ಮದ್ಯದ ಜಾಹೀರಾತಿಗೆ ಬಿಗಿಯಾದ ಕಡಿವಾಣ ಹಾಕಿದೆ.

ಪ್ರಶ್ನೆ: ನಂದಿ ಬೆಟ್ಟದ ತಪ್ಪಲಿನ ವೈನಿಗೂ ಹೀಗೆ ಊರಿನ ಹೆಸರಿನ ಮಾನ್ಯತೆ ಸಿಗಬಹುದೇ? – ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ನಂದಿಯ ತಪ್ಪಲಲ್ಲಿ 1980ರ ದಶಕದ ಕೊನೆಯಿಂದ ಫ್ರಾನ್ಸಿನ ತಳಿಗಳು ಬೆಳೆಯುತ್ತಿವೆ. ಅಲ್ಲಿ ಶಿರಾಜ್ ಎಂದು ಮಾರಾಟವಾಗುವ ವೈನಿನ ದ್ರಾಕ್ಷಿ ರೋನ್ ಕಣಿವೆಯ ಸಿರಾ ತಳಿಯೇ. ಹೆಸರನ್ನು ಕಾಯುವ ಕಾನೂನು ನಮ್ಮಲ್ಲಿಯೂ ಇದೆ. ನಿಮ್ಮ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆದರೆ ಫ್ರಾನ್ಸಿನ ವ್ಯವಸ್ಥೆ ಹೆಸರನ್ನು ಕಾಯುವುದರ ಜೊತೆಗೆ ಬೆಳೆಗಾರನ ಕೈಯನ್ನೂ ಕಟ್ಟುತ್ತದೆ. ಪೆರೆನ್ ಕುಟುಂಬದ್ದೇ ‘ಕುದುಲೆ’ ಎಂಬ ಇನ್ನೊಂದು ತೋಟವಿದೆ. ಹೆದ್ದಾರಿಯ ಈ ಬದಿ ಬೋಕಾಸ್ಟೆಲ್, ಆ ಬದಿ ಕುದುಲೆ. ಮಣ್ಣು ಬಹುಮಟ್ಟಿಗೆ ಒಂದೇ ಬಗೆಯದು, ದುಡಿಯುವವರೂ ಅವರೇ. ಆದರೂ ಗುರುತಿಸಿದ ಗಡಿ ಹೆದ್ದಾರಿಯಾಚೆ ದಾಟುವುದಿಲ್ಲವಾದ್ದರಿಂದ ಕುದುಲೆಯ ವೈನ್ ‘ಕೋತ್ ದ್ಯು ರೋನ್’ ಎಂಬ ಸಾಮಾನ್ಯ ಹೆಸರಿನಲ್ಲಿ, ಕಡಿಮೆ ಬೆಲೆಗೆ ಮಾರಾಟವಾಗುತ್ತದೆ. ಅಂಥ ಗೆರೆಯನ್ನು ಎಳೆದುಕೊಂಡು ಅದರ ನಷ್ಟವನ್ನೂ ಒಪ್ಪಿಕೊಳ್ಳಲು ನಂದಿಯ ಬೆಳೆಗಾರರು ಸಿದ್ಧರಾದರೆ, ಮಾನ್ಯತೆ ಸಿಗದಿರಲು ಕಾರಣವಿಲ್ಲ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದಕ್ಕೆ ಬ್ಯಾರನ್ ಲ ರೋಯ್ 1923ರಲ್ಲಿ ಸರಳವಾದ ಅಳತೆಗೋಲನ್ನು ಹಿಡಿದಿದ್ದರು: ಲ್ಯಾವೆಂಡರ್ ಮತ್ತು ಥೈಮ್ ಗಿಡಗಳು ತಾವಾಗಿ ಬೆಳೆಯುವಷ್ಟು ಬಡವಾದ ನೆಲ ಮಾತ್ರ ಒಳಗೆ ಬರಬೇಕು.