ಒಂದು ವರ್ಷ ಮುಚ್ಚುವ ಟ್ಯೂಬ್ ಸ್ಟೇಷನ್ ಪಕ್ಕ ಮನೆ ಮಾಡಬಹುದಾ?

ನೀವು ಕೇಳಿರುವುದು ಇಷ್ಟು. ಚಿಕ್ಕಮಗಳೂರಿನಿಂದ ಲಂಡನ್‌ಗೆ ಕೆಲಸಕ್ಕೆ ಹೊರಟಿದ್ದೀರಿ. ಜೊತೆಗೆ ಮನೆಯವರು, ಎರಡು ವರ್ಷದ ಮಗು. ನೋಡಿರುವ ಮನೆ ಚೆನ್ನಾಗಿದೆ, ಬಾಡಿಗೆಯೂ ಕಡಿಮೆ. ಆದರೆ ಪಕ್ಕದ ಅಂಡರ್‌ಗ್ರೌಂಡ್ ಸ್ಟೇಷನ್ (ನೆಲದಡಿ ಓಡುವ ರೈಲಿನದ್ದು, ಅಲ್ಲಿನವರು ಟ್ಯೂಬ್ ಅನ್ನುತ್ತಾರೆ) ರಿಪೇರಿಗೆ ಅಂತ ಒಂದು ವರ್ಷ ಬಂದ್ ಆಗುತ್ತದೆ. ದಿನಾ ಓಡಾಡುವವರಿಗೆ ನಿಜಕ್ಕೂ ಎಷ್ಟು ತೊಂದರೆ, ಮನೆ ತಗೊಳ್ಳಬಹುದಾ ಅಂತ ಕೇಳಿದ್ದೀರಿ.

ನಾನು ಹಾಸನದವನು. 2013ರಿಂದ 2017ರವರೆಗೆ ಲಂಡನ್ನಿನಲ್ಲಿದ್ದೆ, ಈಗ ಊರಲ್ಲೇ ಇದ್ದೇನೆ. ಅಲ್ಲಿ ನಮ್ಮ ಮನೆ ಹತ್ತಿರದ ಸ್ಟೇಷನ್ನೂ ಲಿಫ್ಟ್ ಬದಲಾಯಿಸಲು ಎಂಟು ತಿಂಗಳು ಬಾಗಿಲು ಹಾಕಿತ್ತು. ಹೆಸರು ಬೇಡ ಬಿಡಿ. ಹತ್ತು ಹದಿನೈದು ನಿಮಿಷದ ನಡಿಗೆಯಲ್ಲಿ ಇನ್ನೊಂದು ಸ್ಟೇಷನ್ ಇದ್ದರೆ ಮನೆ ತಗೊಳ್ಳಿ. ಅದು ಬೇರೆ ಲೈನಿನದ್ದಾದರೆ ಇನ್ನೂ ಒಳ್ಳೆಯದು. ಆಫೀಸಿಗೆ ಬರೀ ಬಸ್ಸನ್ನೇ ನಂಬಬೇಕು ಅಂತಾದರೆ ಬೇಡ.

ಯಾಕೆ ಅಂತ ಹೇಳುತ್ತೇನೆ.

ಎಲ್ಲರೂ ಕೇಳುವುದು "ದಿನಕ್ಕೆ ಎಷ್ಟು ನಿಮಿಷ ಜಾಸ್ತಿ?" ಅಂತ. ನಾನೂ ಅದನ್ನೇ ಲೆಕ್ಕ ಹಾಕಿ ಮೋಸ ಹೋದೆ. ಸ್ಟೇಷನ್ ತೆರೆದಿದ್ದಾಗ ಮನೆ ಬಾಗಿಲಿನಿಂದ ಆಫೀಸಿಗೆ 35 ನಿಮಿಷ. ಐದು ನಿಮಿಷ ಆಚೆ ಈಚೆ ಆಗುತ್ತಿತ್ತು, ಅಷ್ಟೇ. ಮುಚ್ಚಿದ ಮೇಲೆ ಒಂದು ದಿನ 45, ಇನ್ನೊಂದು ದಿನ 70. ಸರಾಸರಿ ತೆಗೆದರೆ ಹದಿನೈದು ನಿಮಿಷ ಜಾಸ್ತಿ, ಏನು ಮಹಾ ಅನ್ನಿಸುತ್ತದೆ. ಆದರೆ ಒಂಬತ್ತಕ್ಕೆ ಮೀಟಿಂಗ್ ಇದ್ದವನು ಸರಾಸರಿ ನಂಬಿ ಮನೆ ಬಿಡುವ ಹಾಗಿಲ್ಲ. 70 ನಿಮಿಷ ಹಿಡಿಯಬಹುದು ಅಂತಲೇ ದಿನಾ ಹೊರಡಬೇಕು. ಹಾಗಾಗಿ ವಾರಕ್ಕೆ ನಾಲ್ಕು ದಿನ ನಾನು ಅರ್ಧ ಗಂಟೆ ಮುಂಚೆ ತಲುಪಿ, ಚಳಿಯಲ್ಲಿ ಆಫೀಸಿನ ಎದುರು ಕಾಫಿ ಹಿಡಿದು ನಿಂತಿರುತ್ತಿದ್ದೆ. ಐದನೇ ದಿನ ಅಷ್ಟು ಬೇಗ ಹೊರಟಿದ್ದರೂ ತಡ.

ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ. 2018ರ ಜನವರಿಯಿಂದ ಜುಲೈವರೆಗೆ ಕಾಂಕ್ರೀಟ್ ಕೆಲಸಕ್ಕೆ ಶಿರಾಡಿ ಘಾಟಿ ರಸ್ತೆ ಬಂದ್ ಆಗಿತ್ತಲ್ಲ, ನೆನಪಿದೆಯಾ? ಆಗ ನಮ್ಮ ತಾಯಿಯನ್ನು ತಿಂಗಳಿಗೊಮ್ಮೆ ಮಂಗಳೂರಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಅಂತ ಸುತ್ತು. ಕಿಲೋಮೀಟರ್ ಲೆಕ್ಕದಲ್ಲಿ ತೀರಾ ಜಾಸ್ತಿ ಏನಲ್ಲ. ಆದರೆ ಚಾರ್ಮಾಡಿ ತಿರುವಿನಲ್ಲಿ ಒಂದು ಲಾರಿ ಸಿಕ್ಕಿಹಾಕಿಕೊಂಡರೆ ಮುಗಿಯಿತು ಕತೆ. ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್ ಇದ್ದರೆ ಹಿಂದಿನ ರಾತ್ರಿಯೇ ಹೋಗಿ ಲಾಡ್ಜಿನಲ್ಲಿ ಉಳಿಯುತ್ತಿದ್ದೆವು. ದಾರಿ ಉದ್ದ ಆಗಿದ್ದಕ್ಕಲ್ಲ, ಎಷ್ಟು ಹೊತ್ತಿಗೆ ತಲುಪುತ್ತೇವೆ ಅಂತ ಹೇಳುವ ಹಾಗಿರಲಿಲ್ಲ, ಅದಕ್ಕೆ. (ಕೊಟ್ಟಿಗೆಹಾರದ ನೀರುದೋಸೆ ಮಾತ್ರ ಆ ಆರು ತಿಂಗಳ ಲಾಭ.)

ಲಂಡನ್ನಿನಲ್ಲಿ ಈ ಗೊಂದಲ ಎಲ್ಲಿಂದ ಬರುತ್ತದೆ ಅಂದರೆ, ಒಂದು ಸ್ಟೇಷನ್ ಮುಚ್ಚಿದಾಗ ಅಲ್ಲಿನ ಜನ ಎಲ್ಲೂ ಮಾಯ ಆಗುವುದಿಲ್ಲ. ಅಕ್ಕಪಕ್ಕದ ಎರಡು ಸ್ಟೇಷನ್‌ಗೂ ಒಂದೆರಡು ಬಸ್ ನಂಬರಿಗೂ ಹಂಚಿಹೋಗುತ್ತಾರೆ. ಪಕ್ಕದ ಸ್ಟೇಷನ್ನಿನಲ್ಲಿ ರಶ್ ಮಿತಿ ಮೀರಿದರೆ ಸಿಬ್ಬಂದಿ ಬಾಗಿಲಲ್ಲೇ ಜನರನ್ನು ನಿಲ್ಲಿಸುತ್ತಾರೆ. ತುಂಬಿದ ಬಸ್ಸು ನಿಲ್ಲುವುದೇ ಇಲ್ಲ. ನಮ್ಮ ಬೀದಿಯ ಸ್ಟಾಪಿನಲ್ಲಿ ಮೊದಲ ಸೋಮವಾರ ಮೂರು ಬಸ್ಸು ಹಾಗೆ ಹೋದವು. ಸಾಲಿನಲ್ಲಿ ಒಬ್ಬರೂ ಕೂಗಲಿಲ್ಲ, ಬೈಯಲಿಲ್ಲ. ನಾಲ್ಕನೇ ಬಸ್ಸೂ ಹೋದಾಗ ನನ್ನ ಮುಂದಿದ್ದ ಅಜ್ಜಿ, ತರಕಾರಿ ತರುವ ಚಕ್ರದ ಬ್ಯಾಗ್ ಹಿಡಿದವರು, ಸುಮ್ನೆ ತಿರುಗಿ ಮನೆಗೆ ಹೋಗಿಬಿಟ್ಟರು. ಆಮೇಲೆ ಅವರನ್ನು ಬೆಳಗಿನ ಹೊತ್ತು ನಾನು ನೋಡಲೇ ಇಲ್ಲ. ಮುಚ್ಚಿದ ಸ್ಟೇಷನ್ನಿನ ಪೆಟ್ಟು ನನ್ನಂಥ ಬೆನ್ನುಚೀಲದವನಿಗೆ ಬಿದ್ದದ್ದು ಕಡಿಮೆ. ನಾನು ಗೊಣಗುತ್ತಾ ನಡೆದೆ. ನಡೆಯಲಾಗದವರು ಹೊರಗೆ ಬರುವುದನ್ನೇ ಬಿಟ್ಟರು.

ರೈಲು ಮಾತ್ರ ಕೆಳಗೆ ಓಡುತ್ತಲೇ ಇರುತ್ತದೆ, ಗೊತ್ತಾ? ಹೆಚ್ಚಿನ ಸಲ ಮುಚ್ಚುವುದು ಸ್ಟೇಷನ್ನನ್ನು, ಲೈನನ್ನಲ್ಲ. ಒಂದು ಸಂಜೆ ಪಕ್ಕದ ಸ್ಟೇಷನ್‌ಗೆ ಹೋಗುವಾಗ ನಮ್ಮದೇ ಸ್ಟೇಷನ್ ದಾಟಿತು. ರೈಲು ನಿಧಾನ ಆಯಿತು, ನಿಲ್ಲಲಿಲ್ಲ. ಮಂಕು ದೀಪ, ಗೋಡೆಯ ಟೈಲ್ಸು, ಬೆಂಚಿನ ಮೇಲೆ ಯಾರೋ ಕೆಲಸದವರು ಬಿಟ್ಟುಹೋದ ಹಳದಿ ಹೆಲ್ಮೆಟ್. ಬೋಗಿಯಲ್ಲಿ ಏಳೆಂಟು ಜನ ಒಟ್ಟಿಗೆ ಫೋನಿನಿಂದ ತಲೆ ಎತ್ತಿ ನೋಡಿದರು. ಅವರೆಲ್ಲ ನಮ್ಮ ಏರಿಯಾದವರೇ ಅಂತ ಆಗ ಗೊತ್ತಾಯಿತು.

ಲಿಫ್ಟು, ಎಸ್ಕಲೇಟರನ್ನು ಒಂದೊಂದಾಗಿ ರಿಪೇರಿ ಮಾಡಿ ಸ್ಟೇಷನ್ ತೆರೆದೇ ಇಡಬಾರದಾ ಅಂತ ನಾನೂ ಕೇಳುತ್ತಿದ್ದೆ. ಆಳದ ಹಳೇ ಸ್ಟೇಷನ್‌ಗಳಲ್ಲಿ ಕೆಳಗಿಳಿಯಲು ಇರುವುದೇ ಎರಡು ಎಸ್ಕಲೇಟರ್, ಅಥವಾ ಎರಡು ಮೂರು ಲಿಫ್ಟು. ಜೊತೆಗೊಂದು ಕಡಿದಾದ ಸುತ್ತು ಮೆಟ್ಟಿಲು. ಒಂದನ್ನು ಬಿಚ್ಚಿಟ್ಟಾಗ ಇನ್ನೊಂದು ಕೆಟ್ಟರೆ ಕೆಳಗಿನ ಜನ ಮೇಲೆ ಬರುವುದು ಹೇಗೆ? ಅದಕ್ಕೇ ಪೂರ್ತಿ ಬಾಗಿಲು.

ಈಗ ನಿಮ್ಮ "ಒಂದು ವರ್ಷ"ದ ವಿಷಯಕ್ಕೆ ಬರುತ್ತೇನೆ. ಆ ತಾರೀಕನ್ನು ಪೂರ್ತಿ ನಂಬಬೇಡಿ. ಕೆಂಟಿಷ್ ಟೌನ್ ಸ್ಟೇಷನ್ ಎಸ್ಕಲೇಟರ್ ಬದಲಾಯಿಸಲು 2023ರ ಜೂನ್‌ನಲ್ಲಿ ಮುಚ್ಚಿತು. ಸುಮಾರು ಒಂದು ವರ್ಷ ಅಂದಿದ್ದರು. ತೆರೆದದ್ದು 2024ರ ಡಿಸೆಂಬರಿನಲ್ಲಿ. ಅಲ್ಲೇ ಹತ್ತಿರದ ಮಾರ್ನಿಂಗ್ಟನ್ ಕ್ರೆಸೆಂಟ್ ಕತೆ ಇನ್ನೂ ದೊಡ್ಡದು. 1992ರ ಅಕ್ಟೋಬರಿನಲ್ಲಿ ಲಿಫ್ಟಿಗೆ ಅಂತ ಮುಚ್ಚಿದ್ದು, ಮತ್ತೆ ತೆರೆದದ್ದು 1998ರ ಏಪ್ರಿಲ್‌ನಲ್ಲಿ. ಹಾಗಂತ ಎಲ್ಲವೂ ಹೀಗೇ ಅಲ್ಲ. 2022ರಲ್ಲಿ ನಾರ್ದರ್ನ್ ಲೈನಿನಲ್ಲಿ ಬ್ಯಾಂಕ್ ಅನ್ನುವ ಸ್ಟೇಷನ್ ಮೂಲಕ ಹೋಗುವ ಕವಲಿನ ಒಂದು ಭಾಗವನ್ನು ಜನವರಿ 15ರಿಂದ ಮುಚ್ಚಿ, ಹೊಸ ಸುರಂಗವನ್ನು ಹಳಿಗೆ ಸೇರಿಸಿ, ಮೇ 16ಕ್ಕೆ ತೆರೆದರು. ಹೇಳಿದ ಹಾಗೇ ಮುಗಿಸಿದರು. ನನ್ನ ಅಂದಾಜು ಏನೆಂದರೆ, ಹೊಸದನ್ನು ಪಕ್ಕದಲ್ಲಿ ಮೊದಲೇ ಕಟ್ಟಿಟ್ಟು ಕೊನೆಗೆ ಜೋಡಿಸುವ ಕೆಲಸ ಹೇಳಿದ ದಿನಕ್ಕೆ ಮುಗಿಯುತ್ತದೆ. ಹಳೇ ಲಿಫ್ಟು, ಹಳೇ ಎಸ್ಕಲೇಟರ್ ಬಿಚ್ಚುವ ಕೆಲಸ ಹಳೇ ಮನೆಯ ಗೋಡೆ ಒಡೆದ ಹಾಗೆ. ಬಿಚ್ಚಿದ ಮೇಲೇ ಒಳಗೇನಿದೆ ಅಂತ ಗೊತ್ತಾಗುವುದು. ನಿಮ್ಮ ಸ್ಟೇಷನ್ನಿನ ಕೆಲಸ ಯಾವ ಜಾತಿಯದು ಅಂತ ನೋಡಿ.

ಹಾಸನದವರಾಗಿ ನಾವು ಇದರಲ್ಲಿ ಲಂಡನ್ನಿನವರಿಗೆ ಪಾಠ ಹೇಳಬಹುದು ಬಿಡಿ. ಮಂಗಳೂರಿನ ಮೀಟರ್‌ಗೇಜ್ ರೈಲನ್ನು ಬ್ರಾಡ್‌ಗೇಜ್ ಮಾಡುತ್ತೇವೆ ಅಂತ 1996ರಲ್ಲಿ ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಘಾಟಿ ಇಳಿದದ್ದು 2007ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ರೈಲು ಯಾವಾಗ ಬಿಡುತ್ತಾರೆ ಅಂತ ಕೇಳುವುದನ್ನೇ ನಮ್ಮ ಮನೆಯಲ್ಲಿ ಮರೆತಿದ್ದರು. ಪುತ್ತೂರಿನ ಅತ್ತೆ ಮನೆಗೆ ಹೋಗುವುದೆಂದರೆ ಬಸ್ಸು ಅಂತಲೇ ಆಗಿಹೋಗಿತ್ತು. ಶಿರಾಡಿಯೂ ಅಷ್ಟೇ. 2018ರ ಜುಲೈಯಲ್ಲಿ ತೆರೆಯಿತು ಅಂತ ಖುಷಿಪಟ್ಟರೆ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮತ್ತೆ ಬಂದ್!

ಒಂದು ಒಳ್ಳೆಯ ಸುದ್ದಿಯೂ ಇದೆ. 2014ರ ಫೆಬ್ರವರಿಯಲ್ಲಿ ಟ್ಯೂಬ್ ನೌಕರರು ಎರಡು ದಿನ ಮುಷ್ಕರ ಮಾಡಿದರು. ತುಂಬಾ ಸ್ಟೇಷನ್ ಮುಚ್ಚಿದ್ದವು, ಕೆಲವು ತೆರೆದಿದ್ದವು. ಜನ ಹೇಗೋ ಬೇರೆ ದಾರಿ ಹುಡುಕಿಕೊಂಡರು. ಆಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜಿನ ಅರ್ಥಶಾಸ್ತ್ರಜ್ಞರು ಪ್ರಯಾಣದ ಕಾರ್ಡುಗಳ ಲೆಕ್ಕ ತೆಗೆದು ನೋಡಿದರೆ, ಮುಷ್ಕರ ಮುಗಿದ ಮೇಲೂ ನೂರಕ್ಕೆ ಸುಮಾರು ಐದು ಜನ ಹಳೇ ದಾರಿಗೆ ಮರಳಲೇ ಇಲ್ಲ. ಅಂದರೆ ಅಷ್ಟು ಜನ ಅಲ್ಲಿವರೆಗೆ ಸುಮ್ನೆ ಸುತ್ತು ಹೊಡೆಯುತ್ತಿದ್ದರು. ಅದಕ್ಕೆ ಒಂದು ಕಾರಣ ಟ್ಯೂಬ್ ಮ್ಯಾಪು. ಹ್ಯಾರಿ ಬೆಕ್ ಅನ್ನುವ ಡ್ರಾಫ್ಟ್ಸ್‌ಮನ್ 1931ರಲ್ಲಿ ವಿದ್ಯುತ್ ಸರ್ಕ್ಯೂಟಿನ ಚಿತ್ರದ ಹಾಗೆ ಬರೆದದ್ದು, 1933ರಲ್ಲಿ ಅಚ್ಚಾಯಿತು. ನೋಡಲು ಚಂದ, ಆದರೆ ದೂರ ಹತ್ತಿರದ ಲೆಕ್ಕ ಅದರಲ್ಲಿಲ್ಲ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್‌ಗೆ ಇರುವುದು 300 ಮೀಟರಿಗೂ ಕಮ್ಮಿ. ಮ್ಯಾಪ್ ನೋಡಿದವರು ರೈಲು ಹತ್ತುತ್ತಾರೆ.

ನಾನೂ ಆ ಐದು ಜನರಂಥವನೇ. ಎರಡು ವರ್ಷ ಒಂದು ಕಡೆ ಇಳಿದು, ಇನ್ನೊಂದು ಲೈನ್ ಹಿಡಿದು, ಮತ್ತೆ ಹಿಂದಕ್ಕೆ ಬಂದು ಆಫೀಸ್ ಸೇರುತ್ತಿದ್ದೆ. ನಮ್ಮ ಸ್ಟೇಷನ್ ಮುಚ್ಚಿದ ಮೂರನೇ ವಾರ ಸಿಟ್ಟಿನಲ್ಲಿ ಒಂದು ಕಡೆ ಇಳಿದು ನಡೆದೇ ಬಿಟ್ಟೆ. ಹನ್ನೆರಡು ನಿಮಿಷಕ್ಕೆ ಆಫೀಸ್ ಎದುರಿಗಿತ್ತು. ಲಿಫ್ಟ್ ರಿಪೇರಿ ಆದ ಮೇಲೂ ಆ ಕೊನೆಯ ತುಂಡನ್ನು ನಡೆದೇ ಹೋಗುತ್ತಿದ್ದೆ.

ಮಗುವಿನ ವಿಷಯ. ಇದರಲ್ಲಿ ಬಸ್ಸೇ ವಾಸಿ. ಲಂಡನ್ ಬಸ್ಸಿನ ನೆಲ ತಗ್ಗು, ಮಗುವಿನ ತಳ್ಳುಗಾಡಿಗೆ ಮಧ್ಯದಲ್ಲಿ ಜಾಗ ಇರುತ್ತದೆ. ವೀಲ್‌ಚೇರ್ ಬಂದರೆ ಮಾತ್ರ ಗಾಡಿ ಮಡಚಿ ಜಾಗ ಬಿಡಬೇಕು. ಟ್ಯೂಬಿಗಿಂತ ಅಗ್ಗ, ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಒಂದೇ ಟಿಕೆಟ್ಟಿನ ದುಡ್ಡು. ಮನೆಯವರು ಹತ್ತು ಗಂಟೆ ಮೇಲೆ ಹೊರಗೆ ಹೋಗುವುದಾದರೆ ಸ್ಟೇಷನ್ ಮುಚ್ಚಿದ್ದು ಅವರಿಗೆ ಗೊತ್ತೇ ಆಗದಿರಬಹುದು. ತೊಂದರೆ ಎಲ್ಲ ನಿಮಗೇ.

ಆದ್ದರಿಂದ ಮನೆ ನೋಡಲು ಶನಿವಾರ ಮಧ್ಯಾಹ್ನ ಹೋಗಬೇಡಿ. ಏಜೆಂಟರು ಆ ಹೊತ್ತಿಗೇ ಬನ್ನಿ ಅನ್ನುತ್ತಾರೆ. ವಾರದ ದಿನ ಬೆಳಿಗ್ಗೆ ಎಂಟಕ್ಕೆ ಆ ಬೀದಿಯಲ್ಲಿ ನಿಂತು, ಪಕ್ಕದ ಸ್ಟೇಷನ್ನಿನವರೆಗೆ ನಡೆದು, ಅಲ್ಲಿಂದ ಆಫೀಸಿಗೆ ಹೋಗಿ ನೋಡಿ. ನೀವು ಹೊರಡುವ ಮೊದಲೇ ಸಹಿ ಹಾಕಬೇಕು ಅಂತಿದ್ದರೆ ಅಲ್ಲಿರುವ ಪರಿಚಯದವರನ್ನು ಕಳಿಸಿ. ಟ್ಯೂಬಿನವರೇ ಹಾಕಿರುವ ಒಂದು ಮ್ಯಾಪ್ ಇದೆ, ಸ್ಟೇಷನ್‌ನಿಂದ ಸ್ಟೇಷನ್‌ಗೆ ಎಷ್ಟು ನಿಮಿಷದ ನಡಿಗೆ ಅಂತ. ಅದನ್ನೂ ತೆಗೆದಿಟ್ಟುಕೊಳ್ಳಿ. ಬೇಕಾದಾಗ ಮನೆ ಬಿಟ್ಟು ಹೋಗಲು ಅಗ್ರಿಮೆಂಟಿನಲ್ಲಿ ಏನಿದೆ ಅಂತ ನೋಡಿಕೊಳ್ಳಿ. ಬಾಡಿಗೆಯಲ್ಲಿ ಇನ್ನೊಂದಿಷ್ಟು ಇಳಿಸಿ ಅಂತಲೂ ಕೇಳಿ. ನಾವು ಕೇಳಿರಲಿಲ್ಲ. ನಮ್ಮ ಮೇಲಿನ ಮನೆಯವರು ಕೇಳಿದ್ದರು, ಸಿಕ್ಕಿತ್ತು.