ಓದುಗರ ಪ್ರಶ್ನೆ: ಅಟ್ಟದ ಮೇಲಿನ ಕಂಪ್ಯೂಟರು

ಪ್ರಶ್ನೆ: ತಂದೆಯವರು 2003ರ ಸುಮಾರಿಗೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ಲೇಖನಗಳ ಹದಿನೈದು ಫ್ಲಾಪಿಗಳಿವೆ. ಯುಎಸ್‌ಬಿ ಡ್ರೈವ್‌ಗೆ ಹಾಕಿದರೆ ಕೆಲವು ‘ಫಾರ್ಮ್ಯಾಟ್ ಮಾಡಲೇ?’ ಎನ್ನುತ್ತವೆ. ತೆರೆದುಕೊಂಡವುಗಳಲ್ಲಿ ಕನ್ನಡವೇ ಇಲ್ಲ, ಬರೀ ಟೋಪಿ-ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು.
– ಬಸವನಗುಡಿಯ ಓದುಗರು

ಉತ್ತರ: ಎಷ್ಟು ಸಲ ಕೇಳಿದರೂ ಫಾರ್ಮ್ಯಾಟ್ ಬೇಡ ಅನ್ನಿ. ಫ್ಲಾಪಿಯ ಮೊದಲ ಸೆಕ್ಟರ್ (ಮಾಹಿತಿ ಕೂರುವ ಪುಟ್ಟ ಖಾನೆ) ಓದಲಾಗದಿದ್ದರೂ ವಿಂಡೋಸ್ ಹೀಗೆ ಕೇಳುತ್ತದೆ. ಒಳಗಿನ ಬರಹ ಹಾಗೇ ಇರಬಹುದು.

ಇನ್ನೊಂದು ಫ್ಲಾಪಿ ತೂರಿಸುವ ಮುನ್ನ ಅದರ ಮೂಲೆಯ ಪುಟ್ಟ ಬಿಲ್ಲೆ ಸರಿಸಿ ಕಿಂಡಿ ತೆರೆದಿಡಿ. ಆಗ ಯಾರೂ ಅದರ ಮೇಲೆ ಏನನ್ನೂ ಬರೆಯಲಾಗದು. ಲೋಹದ ಮುಚ್ಚಳ ಸರಿಸಿ, ಹಿಂಬದಿಯ ನಡುವಿನ ಲೋಹದ ಬಿಲ್ಲೆಯನ್ನು ಬೆರಳಿಂದ ತಿರುಗಿಸುತ್ತಾ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಿಳಿ ಮಚ್ಚೆ ಕಂಡರೆ ಅದು ಬೂಷ್ಟು. ಹಾಗೇ ಓಡಿಸಿದರೆ ಡ್ರೈವಿನ ಓದುವ ಹೆಡ್ಡು ಕಾಂತೀಯ ಲೇಪವನ್ನೇ ಕೆರೆದುಬಿಡುತ್ತದೆ. ಹೆಡ್ಡಿಗೆ ಅಂಟಿದ ಕೊಳೆ ಮುಂದಿನ ಹದಿನಾಲ್ಕನ್ನೂ ಕೆಡಿಸೀತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಎರಡೂ ಬದಿ ಹಗುರಾಗಿ ಒರೆಸಿ, ಪೂರ್ತಿ ಒಣಗಿಸಿ.

ಫೈಲುಗಳನ್ನು ಒಂದೊಂದಾಗಿ ನಕಲಿಸುತ್ತಾ ಕೂರಬೇಡಿ, ಇಡೀ ಫ್ಲಾಪಿಯ ಇಮೇಜ್ (ತದ್ರೂಪು ನಕಲು) ತೆಗೆಯಿರಿ. ಲಿನಕ್ಸ್‌ನ ಡಿಡಿರೆಸ್ಕ್ಯೂ ಇದಕ್ಕೆ ಒಳ್ಳೆಯದು: ಸಲೀಸಾಗಿ ಸಿಗುವ ಸೆಕ್ಟರುಗಳನ್ನು ಮೊದಲು ಎತ್ತಿಕೊಂಡು, ಹಟಮಾರಿಗಳ ಬಳಿ ಆಮೇಲೆ ಹೋಗುತ್ತದೆ. ಇಮೇಜಿನ ಗಾತ್ರ 14,74,560 ಬೈಟ್ ಬರಬೇಕು (80 ಟ್ರ್ಯಾಕ್, 2 ಮುಖ, 18 ಸೆಕ್ಟರ್, 512 ಬೈಟ್, ಗುಣಿಸಿ ನೋಡಿ). ಬರೆದ ಡ್ರೈವಿನ ಹೆಡ್ಡು ತುಸು ಸರಿದಿದ್ದರೆ ಆ ಫ್ಲಾಪಿ ಅದೇ ಡ್ರೈವಿನಲ್ಲಷ್ಟೇ ಓದಿಸಿಕೊಳ್ಳುವುದುಂಟು. ತಂದೆಯವರ ಹಳೆಯ ಕಂಪ್ಯೂಟರ್ ಮನೆಯಲ್ಲಿದ್ದರೆ ಸದ್ಯಕ್ಕೆ ಗುಜರಿಗೆ ಹಾಕಬೇಡಿ.

ಇನ್ನು ಅಕ್ಷರ. ಅದು ಕೆಟ್ಟಿಲ್ಲ. ಆಗಿನ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಡೆ ಇಂಗ್ಲಿಷೇ ಕಾಣುತ್ತದೆ. ಓದುವುದಕ್ಕೆ ಹಳೆಯ ಫಾಂಟ್ ಹಾಕಿಕೊಂಡರೆ ಸಾಕು. ಉಳಿಸಿಕೊಳ್ಳಬೇಕೆಂದರೆ ನುಡಿಯ ಪರಿವರ್ತಕದಿಂದ ಇಂದಿನ ಕಂಪ್ಯೂಟರುಗಳೆಲ್ಲ ಅರಿಯುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ತನ್ನಿ, ಅದೂ ನಕಲಿನ ಮೇಲೆ. ಪರಿವರ್ತಕ ಎಡವುವುದು ಅರ್ಕಾವತ್ತಿನಲ್ಲಿ: ‘ಸೂರ್ಯ’ದ ಅರ್ಕಾವತ್ತು ಹಳೆಯ ಫಾಂಟಿನಲ್ಲಿ ‘ಯ’ ಆದಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಧರ್ಮ, ಕಾರ್ಯ, ವರ್ಷ ಇರುವ ಸಾಲುಗಳನ್ನು ಕಣ್ಣಿಟ್ಟು ನೋಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅವನ್ನು ಕೈಯಿಂದಲೇ ತಿದ್ದಬೇಕು.

ಪ್ರಶ್ನೆ: ಅಟ್ಟದಿಂದ ‘486’ ಪ್ರೊಸೆಸರಿನ ಹಳೆಯ ಕಂಪ್ಯೂಟರ್ ಇಳಿಸಿದ್ದೇವೆ. ಸ್ವಿಚ್ ಹಾಕಬಹುದೇ?
– ಮಲ್ಲೇಶ್ವರದ ಓದುಗರು

ಉತ್ತರ: ಮೊದಲು ಡಬ್ಬಿ ಬಿಚ್ಚಿ. ಮದರ್‌ಬೋರ್ಡಿನ ಮೇಲೆ ನೀಲಿ ಅಥವಾ ಹಸಿರು ಪೀಪಾಯಿಯಂಥ 3.6 ವೋಲ್ಟ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇದ್ದರೆ ಕತ್ತರಿಸಿ ತೆಗೆಯಿರಿ. ಅದು ಸೋರಿ, ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಸಿರು ಹುರುಪೆ ಅದರದೇ ಗುರುತು. ಸೋರುವುದು ಕ್ಷಾರ. ಆದ್ದರಿಂದ ಅಡುಗೆ ಸೋಡ ಹಚ್ಚಿ ಪ್ರಯೋಜನವಿಲ್ಲ, ಅದು ಆಮ್ಲಕ್ಕೆ ಮದ್ದು. ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ, ಆಮೇಲೆ ಐಸೊಪ್ರೊಪೈಲ್‌ನಲ್ಲಿ ತೊಳೆದು ಒಣಗಿಸಿ. ಅದೇ ಜಾಗಕ್ಕೆ ಸಿಆರ್ 2032 ಎಂಬ ಲಿಥಿಯಂ ಬಿಲ್ಲೆ ಬ್ಯಾಟರಿ ಬೆಸೆಯುವವರಿದ್ದಾರೆ. ಬೋರ್ಡು ಅದನ್ನು ಚಾರ್ಜ್ ಮಾಡಲು ಹೋಗುವುದರಿಂದ ಲಿಥಿಯಂ ಬಿಲ್ಲೆಗೆ ಅಪಾಯ. ಧನ ತುದಿಯ ಸಾಲಿನಲ್ಲಿ 1ಎನ್4148 ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಅದರ ಪಟ್ಟೆ ಬೋರ್ಡಿನ ಕಡೆಗಿರಲಿ. ಎಸ್‌ಪಿ ರೋಡಿನಲ್ಲಿ ಬ್ಯಾಟರಿ, ಡಯೋಡ್ ಎರಡೂ ಸಿಗುತ್ತವೆ.

ಬ್ಯಾಟರಿ ಸತ್ತಿದ್ದರೆ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶ) ಹಾರ್ಡ್‌ಡಿಸ್ಕನ್ನು ಮರೆತಿರುತ್ತದೆ. ಡಿಸ್ಕಿನ ಚೀಟಿಯಲ್ಲಿರುವ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ಬಯಾಸ್‌ನಲ್ಲಿ ತುಂಬಿ. ಎಷ್ಟೋ ಯಂತ್ರಗಳಲ್ಲಿ ಅದಕ್ಕೆ ಡಿಸ್ಕುಗಳ ಪಟ್ಟಿಯಲ್ಲಿ 47ನೇ ಟೈಪ್ ಇರುತ್ತದೆ. ಸಂಖ್ಯೆ ತಪ್ಪಿದರೆ ಡಾಸ್ ಏಳುವುದಿಲ್ಲ, ಅಷ್ಟೆ. ಏಳಲಿಲ್ಲವೆಂದು ಡಿಸ್ಕನ್ನು ಹೊಸದಾಗಿ ಭಾಗ ಮಾಡುವ ಎಫ್‌ಡಿಸ್ಕ್ ಹಚ್ಚಬೇಡಿ.

ಪ್ರಶ್ನೆ: ವಿಂಡೋಸ್ 98 ಯಂತ್ರಕ್ಕೆ 768 ಎಂಬಿ ರ‍್ಯಾಮ್ ಹಾಕಿದ ಮೇಲೆ ‘ಮೆಮರಿ ಸಾಲದು’ ಎನ್ನುತ್ತಿದೆ!
– ರಾಜಾಜಿನಗರದ ಓದುಗರು

ಉತ್ತರ: ಹೆಚ್ಚಾದದ್ದೇ ತೊಂದರೆ. ಡಿಸ್ಕ್ ಕ್ಯಾಶ್ (ಡಿಸ್ಕಿನಿಂದ ಓದಿದ್ದನ್ನು ರ‍್ಯಾಮಿನಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ವ್ಯವಸ್ಥೆ) ನೋಡಿಕೊಳ್ಳುವ ವಿಕ್ಯಾಶ್ ರ‍್ಯಾಮಿನ ಗಾತ್ರ ನೋಡಿ ವಿಳಾಸಗಳನ್ನು ಕಾದಿರಿಸುತ್ತದೆ. 512 ಎಂಬಿ ದಾಟಿದರೆ ಉಳಿದ ಕೆಲಸಗಳಿಗೆ ವಿಳಾಸವೇ ಸಾಲದು. ಬೂಟ್ ಆಗುವಾಗ ಎಫ್8 ಒತ್ತಿ, ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ, ವಿಂಡೋಸ್ ಫೋಲ್ಡರಿನ ಸಿಸ್ಟಮ್ ಐಎನ್‌ಐ ಫೈಲನ್ನು ಎಡಿಟ್‌ನಲ್ಲಿ ತೆರೆಯಿರಿ. ವಿಕ್ಯಾಶ್ ವಿಭಾಗದ ಕೆಳಗೆ ಮ್ಯಾಕ್ಸ್‌ಫೈಲ್‌ಕ್ಯಾಶ್ = 524288 (MaxFileCache=524288) ಎಂದು ಸೇರಿಸಿ. ಲೆಕ್ಕ ಕೆಬಿಯಲ್ಲಿ. ಇಷ್ಟೆಲ್ಲ ರಗಳೆ ಬೇಡವೆಂದರೆ ಒಂದು ರ‍್ಯಾಮ್ ಕಡ್ಡಿ ಕಿತ್ತಿಡಿ. ಹಳೆಯ ಆಟಗಳಿಗೆ 256 ಎಂಬಿಯೇ ಹೆಚ್ಚು.