ಮಗ ಗೇಮಿನಲ್ಲಿ ಹುಡುಗಿಯಾದರೆ ಗಾಬರಿ ಏಕೆ?

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿರುವ ಮಗ ಆನ್‌ಲೈನ್ ಗೇಮಿನಲ್ಲಿ ಸದಾ ಹುಡುಗಿಯ ಪಾತ್ರವನ್ನೇ ಆರಿಸಿಕೊಳ್ಳುತ್ತಾನೆ. ‘ಮನಸ್ಸು ತಿದ್ದುವವರ’ ಬಳಿ ಕರೆದೊಯ್ಯಿರಿ ಎಂದು ಪರಿಚಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಪರಿಚಿತರ ಮಾತಿಗೆ ಕಿವಿಗೊಡುವುದನ್ನು ಬಿಡಿ. ಊರಿನ ಹೆಸರು ಬದಲಾಗಿ ಇದೇ ಪತ್ರ ನನಗೆ ಮತ್ತೆ ಮತ್ತೆ ಬರುತ್ತಿದೆ. ಯಕ್ಷಗಾನದ ಸ್ತ್ರೀವೇಷವನ್ನು ಬೆಳಗಾಗುವವರೆಗೆ ಕುಳಿತು ಮೆಚ್ಚುವ ನಾಡಿನಲ್ಲಿ, ಪರದೆಯ ಮೇಲಿನ ಗೊಂಬೆಗೆ ಜಡೆಯಿದ್ದರೆ ಇಷ್ಟು ದಿಗಿಲೇ?

ಇಂಥ ಗೇಮುಗಳಲ್ಲಿ ಆಟಗಾರ ಗಂಟೆಗಟ್ಟಲೆ ನೋಡುವುದು ತನ್ನ ಪಾತ್ರದ ಬೆನ್ನನ್ನು. ನೋಡಲೇಬೇಕಾದರೆ ಚೆಂದವಾದದ್ದನ್ನು ನೋಡೋಣ ಎನ್ನುವ ಹುಡುಗರು ಬೇಕಾದಷ್ಟಿದ್ದಾರೆ. 2014ರಲ್ಲಿ ಪ್ರಕಟವಾದ, ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಗೇಮಿನ 375 ಆಟಗಾರರ ಅಧ್ಯಯನದಲ್ಲಿ ಶೇ 23ರಷ್ಟು ಗಂಡಸರು ಹೆಣ್ಣುಪಾತ್ರ ತೊಟ್ಟಿದ್ದರು. ಚಾಟ್‌ನಲ್ಲಿ ಅವರು ಭಾವ ತುಂಬಿದ ಮಾತುಗಳನ್ನು ಹೆಚ್ಚು ಬಳಸಿದರು. ಆದರೆ ನೆಗೆತ, ಹಿಂದಕ್ಕೆ ಸರಿಯುವುದು, ಗುಂಪಿನಿಂದ ದೂರ ನಿಲ್ಲುವುದೆಲ್ಲ ಉಳಿದ ಗಂಡಸರಂತೆಯೇ ಇತ್ತು. ಮಾತಿಗೆ ಕಟ್ಟಿದ ವೇಷವನ್ನು ಕಾಲಿಗೆ ಕಟ್ಟಿರಲಿಲ್ಲ.

ಹಾಗೆಂದು ಪಾತ್ರ ಮನಸ್ಸನ್ನು ಮುಟ್ಟುವುದೇ ಇಲ್ಲ ಎನ್ನಲಾರೆ. ಸಂಶೋಧಕರಾದ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರದೆಯ ಮೇಲೆ ಎತ್ತರದ ಅವತಾರ, ಅಂದರೆ ಪಾತ್ರ, ಸಿಕ್ಕವರು ಹಣ ಹಂಚಿಕೊಳ್ಳುವಾಗ ಹೆಚ್ಚು ಬಿಗಿಯಾಗಿ ಚೌಕಾಸಿ ಮಾಡಿದರು. ತೊಟ್ಟ ಪಾತ್ರಕ್ಕೆ ತಕ್ಕಂತೆ ವರ್ತನೆಯೂ ಬದಲಾಗುವುದು; ಪ್ರೋಟಿಯಸ್ ಪರಿಣಾಮ ಎನ್ನುವುದು ಇದನ್ನೇ. ಪ್ರಯೋಗಾಲಯದ ಆ ಸಣ್ಣ ಪಲ್ಲಟವನ್ನು ಹಿಡಿದು ‘ಗೇಮು ಮಗನನ್ನೇ ಬದಲಿಸುತ್ತದೆ’ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ.

ಅವನು ತನ್ನ ಲಿಂಗತ್ವದ ಬಗ್ಗೆ ನಿಜವಾಗಿಯೂ ಯೋಚಿಸುತ್ತಿರಬಹುದೇ? ಇರಬಹುದು. ಗೇಮಿನ ಪಾತ್ರ ನೋಡಿ ಅದನ್ನು ಹೇಳಲು ನನಗೂ ಬರುವುದಿಲ್ಲ, ಬರುತ್ತದೆ ಎನ್ನುವವರನ್ನು ನಂಬಬೇಡಿ. ಹಾಗಿದ್ದರೂ ಅದು ರೋಗವಲ್ಲ. ‘ತಿದ್ದುವ’ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದು ಸಾರಿದೆ. ನೀವು ಅವನ ಪಕ್ಕದಲ್ಲಿ ಕುಳಿತು ಆ ಪಾತ್ರದ ಹೆಸರೇನು, ಅವಳಿಗೆ ಯಾವ ವಿದ್ಯೆ ಬರುತ್ತದೆ ಎಂದು ಕೇಳಿ. ವಿಚಾರಣೆಯ ದನಿ ಬೇಡ. ಫೋನ್ ಕದ್ದು ನೋಡುವುದಂತೂ ಬೇಡವೇ ಬೇಡ.

ಪ್ರಶ್ನೆ: ಪಾತ್ರದಲ್ಲಿ ಮುಳುಗಿದವರೆಲ್ಲ ವ್ಯಸನಿಗಳೇ?

ಉತ್ತರ: ಅಲ್ಲ. ವ್ಯಸನ ಎನ್ನಬೇಕಾದರೆ ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಗೇಮೇ ಮುಂದಾಗಿರಬೇಕು, ಹಾನಿ ಕಂಡರೂ ಆಟ ನಿಲ್ಲದಿರಬೇಕು. ಇದೆಲ್ಲ ಸಾಮಾನ್ಯವಾಗಿ 12 ತಿಂಗಳಾದರೂ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಥದ್ದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ, ತಾಯಿತದ ಅಂಗಡಿಗೆ ಹೋಗಬೇಡಿ.

ಪ್ರಶ್ನೆ: ಆನ್‌ಲೈನ್ ಪರೀಕ್ಷೆಯೊಂದು ತಮ್ಮನನ್ನು ‘ಕಿಲ್ಲರ್’ ಎಂದಿದೆ. ಅಪಾಯವೇ?

ಉತ್ತರ: ಗೇಮ್ ಸಂಶೋಧಕ ರಿಚರ್ಡ್ ಬಾರ್ಟಲ್ 1996ರಲ್ಲಿ, ಚಿತ್ರವಿಲ್ಲದೆ ಬರೀ ಅಕ್ಷರಗಳಲ್ಲಿ ನಡೆಯುವ ಗೇಮು ಆಡುವವರನ್ನು ವಿಂಗಡಿಸುವಾಗ, ಉಳಿದ ಆಟಗಾರರನ್ನು ಕಾಡುವುದರಲ್ಲಿ ಖುಷಿ ಕಾಣುವವರಿಗೆ ಇಟ್ಟ ಹೆಸರದು, ಜಾತಕವಲ್ಲ.

ಪ್ರಶ್ನೆ: ಮಗಳು ಯಾವಾಗಲೂ ಗಾಯಾಳುಗಳನ್ನು ಬದುಕಿಸುವ ಹೀಲರ್ ಪಾತ್ರವನ್ನೇ ಆಡುತ್ತಾಳೆ. ಅಂಜುಬುರುಕಿಯೇ?

ಉತ್ತರ: ಒಂದು ಸಂಜೆ ಆ ಪಾತ್ರವನ್ನು ನೀವೇ ಆಡಿ ನೋಡಿ, ಆಮೇಲೆ ಬರೆಯಿರಿ.